ಗೆಣಸಿನ ವೇಷದ ಗೌರಿ ಹೂವು

ಮಲೆನಾಡಿನ ಬೇಲಿಯಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ, ಗೌರಿ ಹಬ್ಬದ ಹೊತ್ತಿಗೆ ಬೆಂಕಿ ಹೊತ್ತಿಕೊಂಡಂತೆ ಅರಳುವ ಬಳ್ಳಿ ಈ ಗೌರಿ ಹೂವು. ಅದನ್ನೇ ಅಕ್ಕರೆಯಿಂದ ಕುಂಡಕ್ಕೆ ತನ್ನಿ, ಅವತ್ತಿನಿಂದ ಬಿಂಕ ಶುರು.

ಮೊದಲ ಎಡವಟ್ಟು ಗೆಡ್ಡೆಯ ಹತ್ತಿರವೇ. ನೇಗಿಲಿನ ಹಾಗೆ ಕವಲೊಡೆದ ಗೆಡ್ಡೆ. ಸಂಸ್ಕೃತದಲ್ಲಿ ಲಾಂಗಲಿ ಎಂದಿರುವುದು ಅದಕ್ಕೇ. ಒಂದೊಂದು ಕವಲಿನ ತುದಿಯಲ್ಲಿ ಒಂದೇ ಒಂದು ಮೊಳಕೆಕಣ್ಣು. ಆಲೂಗಡ್ಡೆ ಹೋಳು ಮಾಡಿ ನೆಟ್ಟ ಹುಮ್ಮಸ್ಸಿನಲ್ಲಿ ಇದನ್ನೂ ನಾಲ್ಕು ತುಂಡು ಮಾಡಿದರೆ, ನಡುವಿನ ಎರಡು ತುಂಡುಗಳಿಗೆ ಕೊಳೆಯುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ. ತುದಿ ಚೂರು ತಾಗಿದರೂ ಪಟಕ್ಕನೆ ಮುರಿಯುತ್ತದೆ, ಆ ಕವಲಿನ ಕಥೆ ಅಲ್ಲಿಗೆ ಮುಗಿಯಿತು. 50 ಗ್ರಾಂ ದಾಟಿದ ಗೆಡ್ಡೆ ಸಿಕ್ಕರೆ ಆ ವರ್ಷವೇ ಹೂ ಬರುವ ಆಸೆ ಇಟ್ಟುಕೊಳ್ಳಬಹುದು. ಬೀಜ ಹಾಕಿದವರು ಮೂರು ನಾಲ್ಕು ವರ್ಷ ಎಲೆ ನೋಡಿಕೊಂಡಿರಬೇಕು.

ಕೈಗೆ ಗ್ಲೌಸ್ ಹಾಕಿಕೊಂಡೇ ಮುಟ್ಟಿ. ಗಿಡದ ತುಂಬ ಕಾಲ್ಚಿಸಿನ್ ಎಂಬ ವಿಷವಿದೆ, ಗೆಡ್ಡೆ ಮತ್ತು ಬೀಜದಲ್ಲಂತೂ ಧಾರಾಳ. ಗೌಟ್ ಕಾಯಿಲೆಗೆ ಡಾಕ್ಟರು ಬರೆದುಕೊಡುವ ಮಾತ್ರೆಯಲ್ಲಿರುವುದೂ ಅದೇ, ಆದರೆ ಅಲ್ಲಿ ಮಿಲಿಗ್ರಾಂ ಲೆಕ್ಕ. ಗೆಡ್ಡೆಯನ್ನು "ನಾಳೆ ನೆಟ್ಟರಾಯಿತು" ಎಂದು ಅಡುಗೆಮನೆಯ ಈರುಳ್ಳಿ ಬುಟ್ಟಿಗೆ ಹಾಕಿಡಬೇಡಿ. ಗೆಣಸೆಂದು ಬೇಯಿಸಿ ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ಈ ವಿಷಯದಲ್ಲಿ ತಮಾಷೆ ಬೇಡ.

ಕುಂಡ 12 ಇಂಚು ಆಳವಾದರೂ ಇರಲಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಗೆಡ್ಡೆಯನ್ನು ಅಡ್ಡ ಮಲಗಿಸಿ, ಮೇಲೆ ಎರಡು ಮೂರು ಇಂಚು ಮಣ್ಣು. ಮೇ ಕೊನೆ, ಜೂನ್ ಮೊದಲ ವಾರ ನೆಡುವ ಕಾಲ. ಮೊಳಕೆ ಎರಡು ಮೂರು ವಾರವಾದರೂ ತಲೆ ತೋರಿಸುವುದಿಲ್ಲ. ಆಗ ಬೆರಳು ಹಾಕಿ ಕೆದಕಿ ನೋಡುವ ಚಪಲವಿದೆಯಲ್ಲ, ಎಷ್ಟೋ ಮೊಳಕೆಗಳು ಮುರಿಯುವುದು ಅದರಿಂದಲೇ. ಜುಲೈ ಕೊನೆಗೆ ನೆಟ್ಟು ಹಬ್ಬಕ್ಕೆ ಹೂ ಕಾಯುವವರಿಗೆ ಗೌರಿ ತಪ್ಪಿ ದಸರೆಯೋ ದೀಪಾವಳಿಯೋ ಸಿಕ್ಕೀತು.

ಈ ಬಳ್ಳಿ ಹತ್ತುವುದು ಎಲೆಯ ತುದಿಯಿಂದ. ತುದಿ ಸಣ್ಣ ಕೊಕ್ಕೆಯಂತೆ ಸುರುಳಿ ಸುತ್ತಿ ಸಿಕ್ಕಿದ್ದನ್ನು ಹಿಡಿಯುತ್ತದೆ, ಆದರೆ ಹಿಡಿತ ಬಲು ಸಣ್ಣದು. ದುಡ್ಡು ಕೊಟ್ಟು ತಂದು ನಿಲ್ಲಿಸಿದ ದಪ್ಪ ಪಿವಿಸಿ ಪೈಪನ್ನು ಅದು ತಿರುಗಿಯೂ ನೋಡದೆ ಪಕ್ಕದ ಬಟ್ಟೆ ಹಗ್ಗಕ್ಕೆ ಜೋತುಬೀಳುತ್ತದೆ. ಆರಡಿ ಎತ್ತರಕ್ಕೆ ತೆಳು ದಾರ, ಇಲ್ಲವೇ ಪುರಲೆ ಕಡ್ಡಿ ಸಾಕು.

ಹೂ ಬಿಟ್ಟಾಗ ಇನ್ನೊಂದು ತಕರಾರು: "ಕೆಂಪು ಅಂತ ಕೊಟ್ಟರು, ಹಳದಿ ಬಿಟ್ಟಿದೆ!" ತಾಳಿ. ಹಸಿರು ಬೆರೆತ ಹಳದಿಯಲ್ಲಿ ಅರಳಿ, ಕಿತ್ತಳೆಗೆ ಹೋಗಿ, ಕೆಲವು ದಿನಕ್ಕೆ ಕೆಂಡವಾಗುವುದೇ ಅದರ ಕ್ರಮ. ಒಂದು ಹೂವನ್ನು ಹತ್ತಿರದಿಂದ ನೋಡಿ. ಆರು ಎಸಳೂ ಹಿಂದಕ್ಕೆ ಮಡಚಿವೆ, ಪರಾಗ ಹೊತ್ತ ಕೇಸರಗಳು ಛತ್ರಿ ಕಡ್ಡಿಯಂತೆ ಸುತ್ತ ಹರಡಿವೆ, ಆ ಪರಾಗ ಪಡೆಯಬೇಕಾದ ಹೆಣ್ಣು ಕಡ್ಡಿ, ಅಂದರೆ ಶಲಾಕೆ ಮಾತ್ರ ಬುಡದಲ್ಲೇ ಲಂಬಕೋನದಲ್ಲಿ ತಿರುಗಿ, ಮನೆಯವರ ಮೇಲೆ ಮುನಿಸಿಕೊಂಡಂತೆ ಬೇರೆ ಕಡೆ ಮುಖ ಮಾಡಿದೆ. ರಾಜಿ ಮಾಡಿಸುವುದು ಚಿಟ್ಟೆ, ಸೂರಕ್ಕಿಗಳ ಕೆಲಸ. ಮಕರಂದಕ್ಕೆ ಬಂದ ಚಿಟ್ಟೆಯ ರೆಕ್ಕೆಗೆ ಪರಾಗ ಮೆತ್ತಿಕೊಂಡು ದಾಟುತ್ತದೆ. ಈ ಹೂವನ್ನೇ ರಾಜ್ಯಪುಷ್ಪ ಮಾಡಿಕೊಂಡ ತಮಿಳುನಾಡಿನಲ್ಲಿ ಬೀಜಕ್ಕಾಗಿ ಬೆಳೆಯುವವರು ಚಿಟ್ಟೆಯನ್ನು ನೆಚ್ಚದೆ ಬೆಳಗ್ಗೆ ಬೆಳಗ್ಗೆ ಕೈಯಾರೆ ಪರಾಗ ಮುಟ್ಟಿಸುತ್ತಾರೆ.

ಚಿಟ್ಟೆಪ್ರೇಮಿಗಳು ಮೋಸಹೋಗುವ ಜಾಗ ಒಂದಿದೆ. ಕಪ್ಪು ಮೈಮೇಲೆ ಬಿಳಿ, ಕಿತ್ತಳೆ ಚುಕ್ಕೆಯ ಅಂದವಾದ ಹುಳ ಕಂಡು "ಪಾಪ, ಚಿಟ್ಟೆಯ ಮರಿ" ಎಂದು ಬಿಟ್ಟರೆ ನಾಲ್ಕು ದಿನದಲ್ಲಿ ಕಾಂಡವಷ್ಟೇ ಉಳಿಯುತ್ತದೆ. ಅದು ಪತಂಗದ ಹುಳ. ಔಷಧಿ ಹೊಡೆದರೆ ಹೂವಿಗೆ ಬಂದ ಚಿಟ್ಟೆಗಳೂ ಹೋಗುತ್ತವೆ, ಕೈಯಲ್ಲೇ ಆರಿಸಿ ತೆಗೆಯಿರಿ.

ನವೆಂಬರ್ ಹೊತ್ತಿಗೆ ಬಳ್ಳಿ ಹಳದಿಯಾಗಿ ಒಣಗುತ್ತದೆ. ಸತ್ತಿಲ್ಲ, ಮಲಗಿದೆ. ಆರು ತಿಂಗಳು ನೀರು ಬಂದ್. ಮಳೆ, ನಲ್ಲಿ ತಾಗದ ಕಡೆ ಇಟ್ಟು, ಕುಂಡದ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆಯಿರಿ. ಬರೆಯದಿದ್ದರೆ ಮನೆಯಲ್ಲಿ ಯಾರೋ ಒಬ್ಬರು ಖಾಲಿ ಕುಂಡ ವೇಸ್ಟಾಗುತ್ತಿದೆ ಎಂದು ಕೊತ್ತಂಬರಿ ಬಿತ್ತಿ, ದಿನಾ ಎರಡು ಹೊತ್ತು ನೀರು ಹಾಕಿ, ತಿಂಗಳು ಬಿಟ್ಟು ಸೊಪ್ಪು ಕೀಳುವಾಗ ಬೇರಿನ ಜೊತೆ ಎದ್ದು ಬಂದದ್ದನ್ನು ಕಂಡು ಒಳಗೆ ಕೂಗಿ ಹೇಳುತ್ತಾರೆ: "ಅರೆ, ಇಲ್ಲೊಂದು ಗೆಣಸು!"