ನಿಮ್ಮ ರೀಲ್, ಅವಳ ಕೇಸು

ಇರಾನಿನ ಒಂದೇ ಥರದ ರೀಲ್‌ಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿವೆ. ಕೂದಲು ಬಿಟ್ಟುಕೊಂಡು ಟೆಹರಾನಿನ ಕೆಫೆಯಲ್ಲಿ ಕೂತ ಹುಡುಗಿಯರು, ಹಿಂದೆ ಒಂದು ಹಾಡು, ಮೇಲೆ "ಮೀಡಿಯಾ ನಿಮಗೆ ತೋರಿಸದ ಇರಾನ್" ಅಂತ ದಪ್ಪಕ್ಷರ. ನೋಡಿದವರೆಲ್ಲ ಹಾರ್ಟ್ ಒತ್ತುತ್ತಾರೆ. ಆ ಹುಡುಗಿಯರನ್ನು ಯಾರಾದರೂ ಒಂದು ಮಾತು ಕೇಳಿದ್ದರಾ?

ಇಸ್ರೇಲ್ ಜೊತೆಗಿನ 2025ರ ಯುದ್ಧಕ್ಕೆ ಮುಂಚೆ ನಾನೂ ನನ್ನ ಗೆಳತಿಯೂ ಟರ್ಕಿ ಕಡೆಯಿಂದ ಬಸ್ಸು ಹತ್ತಿ ಇರಾನಿಗೆ ಹೋಗಿದ್ದೆವು. ರಸ್ತೆಯಲ್ಲಿ ಹೋದರೆ ಒಂದು ಲಾಭ ಇದೆ. ಹೆಂಗಸರು ತಲೆಗೆ ಸ್ಕಾರ್ಫ್ ಹಾಕಲೇಬೇಕು ಅನ್ನುವ ಅಲ್ಲಿನ ಒಂದೇ ನಿಯಮ ಎಲ್ಲೆಲ್ಲಿ ಬಿಗಿ, ಎಲ್ಲೆಲ್ಲಿ ಸಡಿಲ ಅಂತ ಕಣ್ಣಾರೆ ಕಾಣುತ್ತದೆ.

ಬಾಜಾರ್ಗಾನ್ ಗಡಿಯ ಸಾಲಿನಲ್ಲಿ ನಮ್ಮ ಮುಂದಿದ್ದ ಹೆಂಗಸು ಒಂದು ಕೈಯಲ್ಲಿ ಮಗುವನ್ನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಬ್ಯಾಗಿನ ಸ್ಕಾರ್ಫ್ ತೆಗೆದು ತಲೆಗೆ ಹಾಕಿಕೊಂಡಳು. ಮಾತು ಕೂಡ ನಿಲ್ಲಿಸಲಿಲ್ಲ. ತಬ್ರೀಜ್ ದಾಟಿದ ಮೇಲೆ ಬಸ್ಸಿನಲ್ಲಿ ಅರ್ಧ ಸ್ಕಾರ್ಫ್‌ಗಳು ಹೆಗಲ ಮೇಲಿದ್ದವು. ಪೊಲೀಸ್ ಚೌಕಿ ಹತ್ತಿರ ಡ್ರೈವರ್ ಕಾಗದ ಹಿಡಿದು ಇಳಿಯುವಷ್ಟರಲ್ಲಿ ಎಲ್ಲವೂ ತಲೆಗೆ ಏರಿದವು. ಯಾರೂ ಯಾರಿಗೂ ಹೇಳಲಿಲ್ಲ. ಬಸ್ಸು ಹೊರಟಿತು, ಮತ್ತೆ ಜಾರಿದವು. ಶಿಯಾ ಮುಸ್ಲಿಮರ ಪುಣ್ಯಕ್ಷೇತ್ರ ಕೋಮ್‌ನಲ್ಲಿ ಸ್ಕಾರ್ಫ್ ಜಾರಿಸುವ ಮಾತೇ ಇಲ್ಲ. ನಮ್ಮ ಗೌರಿಬಿದನೂರಿನ ಹತ್ತಿರದ ಅಲಿಪುರದ ಹುಡುಗರು ಓದಲು ಹೋಗುವ ಊರು ಅದು. ದರ್ಗಾದ ಬಾಗಿಲಲ್ಲೇ ನಮಗೂ ತಲೆಯಿಂದ ಕಾಲಿನವರೆಗೆ ಒಂದೊಂದು ಚಾದರ ಹೊದಿಸಿ ಒಳಗೆ ಬಿಟ್ಟರು.

ಬಸ್ಸಿನಲ್ಲಿ ಒಂಟಿ ಹೆಂಗಸಿನ ಪಕ್ಕ ಗುರುತಿಲ್ಲದ ಗಂಡಸನ್ನು ಕೂರಿಸುವುದಿಲ್ಲ. ಬಸ್ಸಿನ ಕೆಲಸದ ಹುಡುಗ ಬಂದು ನಾಲ್ಕು ಜನರನ್ನು ಎಬ್ಬಿಸಿ, ಅದಲು ಬದಲು ಮಾಡಿ ಸರಿ ಮಾಡುತ್ತಾನೆ. ನಮ್ಮಲ್ಲೂ ಟಿಕೆಟ್ ಬುಕ್ ಮಾಡುವಾಗ ಹೆಂಗಸರಿಗೆ ಅಂತ ಪಿಂಕ್ ಸೀಟು ಇದೆಯಲ್ಲ, ಅದಕ್ಕೆ ನನಗೇನೂ ವಿಚಿತ್ರ ಅನ್ನಿಸಲಿಲ್ಲ. ರಾತ್ರಿ ಪ್ರಯಾಣದಲ್ಲಿ ಅನುಕೂಲವೇ ಆಯಿತು ಅನ್ನಿ.

ಯಾರು ನೋಡುತ್ತಿದ್ದಾರೆ, ಎಷ್ಟು ಹೊತ್ತು ನೋಡುತ್ತಾರೆ ಅನ್ನುವ ಲೆಕ್ಕವನ್ನು ಅಲ್ಲಿನ ಹೆಂಗಸರು ದಿನವಿಡೀ ತಲೆಯಲ್ಲೇ ಹಾಕುತ್ತಿರುತ್ತಾರೆ. ನಮ್ಮ ಕ್ಯಾಮೆರಾ ಆ ಲೆಕ್ಕವನ್ನೇ ಕೆಡಿಸಿಬಿಡುತ್ತದೆ.

ಯಾಕೆ ಅಂದರೆ, 2022ರ ಸೆಪ್ಟೆಂಬರಿನಲ್ಲಿ ಸ್ಕಾರ್ಫ್ ಸರಿಯಾಗಿ ಹಾಕಿಲ್ಲ ಅಂತ ಹಿಡಿದೊಯ್ದ 22 ವರ್ಷದ ಮಹ್ಸಾ ಅಮೀನಿ ಪೊಲೀಸ್ ವಶದಲ್ಲಿದ್ದಾಗ ತೀರಿಕೊಂಡ ಮೇಲೆ ಎಷ್ಟೋ ಹೆಂಗಸರು ಸ್ಕಾರ್ಫ್ ಬಿಟ್ಟರು. ಸರ್ಕಾರ ಸುಮ್ಮನೆ ಕೂರಲಿಲ್ಲ. 2023ರ ಏಪ್ರಿಲ್‌ನಲ್ಲಿ ಸಾರ್ವಜನಿಕ ಜಾಗಗಳಲ್ಲಿ ಕ್ಯಾಮೆರಾದಿಂದ ಗುರುತು ಹಿಡಿಯುತ್ತೇವೆ ಅಂತ ಪೊಲೀಸರು ಹೇಳಿದರು. ಸ್ಕಾರ್ಫ್ ಇಲ್ಲದವರು ಕೂತಿದ್ದ ಕಾರಿನ ಮಾಲೀಕರಿಗೆ ಎಸ್ಎಂಎಸ್ ಹೋಯಿತು, ಕಾರು ಜಪ್ತಿ ಆಯಿತು. ಅಂಥವರಿಗೆ ಕಾಫಿ ಕೊಟ್ಟ ಕೆಫೆಗಳಿಗೆ ಬೀಗ ಬಿತ್ತು. ಈಗ ಆ ರೀಲ್ ಇನ್ನೊಮ್ಮೆ ನೋಡಿ. ಮುಖ ಇದೆ, ಕೆಫೆಯ ಬೋರ್ಡ್ ಇದೆ, ಲೊಕೇಶನ್ ಟ್ಯಾಗ್ ಕೂಡ ಇದೆ. ಪೊಲೀಸರಿಗೆ ಇನ್ನೇನು ಬೇಕು?

"ಅವರೇ ಫೋಟೋ ಹಾಕಿಕೊಳ್ಳುತ್ತಾರಲ್ವಾ" ಅಂತ ಒಬ್ಬರು ಕೇಳಿದರು. ಹಾಕಿಕೊಳ್ಳುತ್ತಾರೆ. ಆ ಧೈರ್ಯ ಅವರದು, ಅದರ ಬೆಲೆ ಏನು ಅಂತಲೂ ಅವರಿಗೆ ಗೊತ್ತು. ಇಸ್ಫಹಾನಿನ 33 ಕಮಾನಿನ ಸೇತುವೆ ಮೇಲೆ ಒಬ್ಬ ಕಾಲೇಜು ಹುಡುಗಿ ತಾನಾಗಿ ಬಂದು ನಮ್ಮ ಜೊತೆ ಫೋಟೋ ತೆಗೆಸಿಕೊಂಡಳು. ಕ್ಲಿಕ್ಕಿಗೆ ಮುಂಚೆ ಸ್ಕಾರ್ಫ್ ಮೇಲೆ ಎಳೆದಳು, ಆಮೇಲೆ ಕೆಳಗೆ ಬಿಟ್ಟಳು. "ಇನ್‌ಸ್ಟಾಗ್ರಾಮಾ?" ಅಂದಳು. ಅಲ್ಲಿ ಅದು ಬ್ಲಾಕ್, ವಿಪಿಎನ್ ಹಾಕಿ ನೋಡುತ್ತಾರೆ. "ನನ್ನನ್ನು ಟ್ಯಾಗ್ ಮಾಡಬೇಡಿ" ಅಂದಳು.

ಹಾಗಂತ ಅಲ್ಲಿ ಎಲ್ಲ ನರಕ ಅಂತ ಬರೆಯುವವರ ಜೊತೆಗೂ ನಾನಿಲ್ಲ. ಬಸ್ಸಿನಲ್ಲಿ ಬಿಚ್ಚಿದ ಪಿಸ್ತಾ ಪೊಟ್ಟಣ ಇಡೀ ಸಾಲು ಸುತ್ತಿ ಬರುವ ದೇಶ ಅದು. ಸೇತುವೆ ತೋರಿಸಿ, ಬಜಾರ್ ತೋರಿಸಿ, ಆ ಪಿಸ್ತಾ ತೋರಿಸಿ. ಹೆಂಗಸರ ಮುಖ ಇದ್ದರೆ ಬ್ಲರ್ ಮಾಡಿ, ಬೋರ್ಡ್ ಕತ್ತರಿಸಿ, ಲೊಕೇಶನ್ ತೆಗೆದುಹಾಕಿ. ಈಗಾಗಲೇ ಹಾಗೇ ಹಾಕಿಬಿಟ್ಟಿದ್ದರೆ ಇವತ್ತೇ ಡಿಲೀಟ್ ಮಾಡಿ. ವ್ಯೂಸ್ ಹೋದರೆ ಹೋಗಲಿ.