ದಯವಿಟ್ಟು ಬಂದು ಸಂಬಂಧ ಬೆಳೆಸಿ

ಅಡಿಕೆ ಸೋಗೆ ಬಿದ್ದು ನಮ್ಮ ಮನೆಯ ಇಂಟರ್‌ನೆಟ್ ಕೇಬಲ್ ತುಂಡಾಗಿ ಇವತ್ತಿಗೆ ಆರು ದಿನ. ಕಾಸರಗೋಡಿನ ಪೆರ್ಲದ ಕಡೆ ತೋಟದ ನಡುವೆ ಮನೆ ಇದ್ದವರಿಗೆ ಇದು ಹೊಸತಲ್ಲ. ಕಂಪನಿಗೆ ಫೋನ್ ಮಾಡಿದರೆ ಮಲಯಾಳಕ್ಕೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ. ಕನ್ನಡಕ್ಕೆ ಏನು ಒತ್ತಿದರೂ ಇಲ್ಲ. ನನಗೆ ಮಲಯಾಳ ಬಸ್ಸಿನಲ್ಲಿ ಚಿಲ್ಲರೆ ಕೇಳುವಷ್ಟು ಬರುತ್ತದೆ, ಜಗಳ ಮಾಡುವಷ್ಟು ಬರುವುದಿಲ್ಲ. ಹಾಗಾಗಿ ಮೂರನೇ ದಿನ ಗುಡ್ಡೆ ಹತ್ತಿ, ಸಿಗ್ನಲ್ ಹುಡುಕಿ, ಇಂಗ್ಲಿಷಿನಲ್ಲಿ ದೂರು ಕಳಿಸಿದೆ.

ಎಡವಿದ್ದು ಅಲ್ಲೇ. ಕನೆಕ್ಷನ್ ಅನ್ನುವ ಪದ ಆಗಲೇ ಎರಡು ಸಲ ಬಂದಿತ್ತು. ಒಂದೇ ಪದ ಮತ್ತೆ ಮತ್ತೆ ಬರೆದರೆ ಶಾಲೆಯಲ್ಲಿ ಕೆಂಪು ಗೆರೆ ಬೀಳುತ್ತಿತ್ತಲ್ಲ, ಆ ಹೆದರಿಕೆ ಐವತ್ತು ದಾಟಿದರೂ ಹೋಗಿಲ್ಲ. ಹಾಗಾಗಿ ಹೀಗೆ ಬರೆದೆ: 'ಅವರ್ ರಿಲೇಶನ್‌ಶಿಪ್ ಈಸ್ ಬ್ರೋಕನ್ ಫಾರ್ ತ್ರೀ ಡೇಸ್. ಪ್ಲೀಸ್ ಸೆಂಡ್ ಅ ಬಾಯ್ ಆಂಡ್ ಎಸ್ಟಾಬ್ಲಿಷ್ ರಿಲೇಶನ್ಸ್.'

ಅಕ್ಕ-ಭಾವ ಮನೆಗೆ ಬಂದಿದ್ದರು. ಭಾವ ಇಂಗ್ಲಿಷ್ ಮಾಷ್ಟ್ರಾಗಿ ನಿವೃತ್ತರಾದವರು. ಮೆಚ್ಚಿಕೊಳ್ಳುತ್ತಾರೆಂದು ತೋರಿಸಿದೆ. ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು.

"ಎಂತ ಮಾರಾಯ, ನೀನು ನೆಟ್ ಕೇಳಿದ್ದೋ, ಮಗಳಿಗೆ ಗಂಡು ಕೇಳಿದ್ದೋ?"

ಅಂದಿನಿಂದ ಊಟಕ್ಕೆ ಕೂತರೆ ಪಾಠ. ಕಡಿದ ಕನೆಕ್ಷನನ್ನು ರಿಸ್ಟೋರ್ ಮಾಡುವುದಂತೆ. ರಿಲೇಶನ್ಸ್ ಎಸ್ಟಾಬ್ಲಿಷ್ ಮಾಡುವುದು ಎರಡು ದೇಶಗಳು. ಟೈಸ್ ಆದರೆ ಸೆವರ್, ಅಂದರೆ ಕಡಿಯುವುದು. ಲಿಂಕ್ ಸ್ಟ್ರಾಂಗ್ ಇರಬಹುದು, ಟೈಟ್ ಇರಲಿಕ್ಕಿಲ್ಲ. ದೂರದ ನೆಂಟ ಡಿಸ್ಟೆಂಟ್ ರಿಲೆಟಿವ್, ಫಾರ್ ರಿಲೆಟಿವ್ ಅಲ್ಲ. ಸಾರಿಗೆ ಒಂದು, ಮಜ್ಜಿಗೆಗೆ ಒಂದು. ಹಪ್ಪಳ ಮುರಿದರೂ ಅದು ಬ್ರೇಕೋ ಸೆವರೋ ಅಂತ ನನ್ನ ಮುಖ ನೋಡುತ್ತಾರೆ.

"ಮ್ಯಾರೀಡ್ ವಿತ್ ಹೇಳಬಾರದು. ಮ್ಯಾರೀಡ್ ಟು."

"ಇವರು ವಿತ್ ಅಲ್ಲ ಅಂತ ನನಗೆ ಮೂವತ್ತು ವರ್ಷದಿಂದ ಗೊತ್ತುಂಟು," ಅಂದಳು ಅಕ್ಕ, ಬಡಿಸುತ್ತಾ.

"ಇದಕ್ಕೆಲ್ಲ ನಿಯಮ ಎಂತ ಭಾವ?" ಅಂತ ರೇಗಿ ಕೇಳಿದೆ. ನಿಯಮ ಇಲ್ಲವಂತೆ, ಬರೀ ಸಹವಾಸ. ಪದ ಎಂಥದ್ದು ಅಂತ ಗೊತ್ತಾಗಬೇಕಾದರೆ ಅದು ಯಾರ ಜೊತೆ ತಿರುಗುತ್ತದೆ ನೋಡಿ ಅಂತ ಫರ್ತ್ ಎನ್ನುವ ಇಂಗ್ಲೆಂಡಿನ ಭಾಷಾತಜ್ಞ 1957ರಲ್ಲಿ ಬರೆದಿದ್ದಾನೆ. ನಮ್ಮಜ್ಜಿ ಇದನ್ನೇ ಮೊಮ್ಮಕ್ಕಳ ಬಗ್ಗೆ ಹೇಳುತ್ತಿದ್ದರು. ಕನ್ನಡದಲ್ಲೂ ಹಾಗೇ ಅಲ್ವಾ? ಸಂಬಂಧ ಕುದುರುತ್ತದೆ, ಸ್ನೇಹ ಕುದುರುತ್ತದೆ, ನೆಟ್ ಕುದುರುವುದಿಲ್ಲ. ಯಾರೂ ಕೂರಿಸಿ ಕಲಿಸಿದ್ದಲ್ಲ.

1957 ಅಂದಾಗ ಮಾತ್ರ ಸುಮ್ಮನಾದೆ. ಅದರ ಹಿಂದಿನ ವರ್ಷ, 1956ರ ನವೆಂಬರ್ 1ಕ್ಕೆ, ದಕ್ಷಿಣ ಕನ್ನಡದಲ್ಲಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ಊರು ಇದ್ದಲ್ಲೇ ಇತ್ತು, ಸಹವಾಸ ಬದಲಾಯಿತು. ಅಪ್ಪ ಕೊನೆಯವರೆಗೂ ಮಂಗಳೂರಿಗೆ ಹೊರಟರೆ 'ಪೇಟೆಗೆ' ಅನ್ನುತ್ತಿದ್ದರು, ಕಾಸರಗೋಡಿಗೆ ಹೊರಟರೆ 'ಆಫೀಸಿಗೆ'. ಅದಕ್ಕೆ ಯಾವ ಕ್ರಿಯಾಪದ ಹೊಂದುತ್ತದೆ ಅಂತ ಭಾವನನ್ನು ಕೇಳಲಿಲ್ಲ.

ನಿನ್ನೆ ಪುನಃ ಗುಡ್ಡೆ ಹತ್ತಿದೆ. ಎರಡು ಮೆಸೇಜ್ ಬಂತು. ಒಂದು, ಕರ್ನಾಟಕಕ್ಕೆ ಸ್ವಾಗತ. ನಾನು ನಿಂತದ್ದು ನಮ್ಮದೇ ಗೇರುಮರದ ಬುಡದಲ್ಲಿ. ಇನ್ನೊಂದು ಕಂಪನಿಯದು: ನಿಮ್ಮ ದೂರು ಪರಿಹಾರವಾಗಿದೆ, ಥ್ಯಾಂಕ್ಯೂ ಫಾರ್ ಸ್ಟೇಯಿಂಗ್ ಕನೆಕ್ಟೆಡ್ ವಿತ್ ಅಸ್.

ಉರಿದುಹೋಯಿತು. ಓಡಿ ಬಂದು ಭಾವನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು.

"ಕನೆಕ್ಟೆಡ್ ವಿತ್... ಆಗ್ತದೆ. ಟು ಕೂಡ ಆಗ್ತದೆ."

ತುಂಡಾದ ಕೇಬಲ್ ಎರಡು ಅಡಿಕೆ ಮರಗಳ ನಡುವೆ ಜೋತಾಡುತ್ತಿದೆ. ಇವತ್ತು ಸ್ವಲ್ಪ ಬಿಸಿಲು ಬಂತು. ಅಕ್ಕ ಅದರ ಮೇಲೆ ಭಾವನ ಬೈರಾಸು ಒಣಗಲು ಹಾಕಿದ್ದಾಳೆ.