ಮೇಲ್‌ಬಾಕ್ಸ್ ನೂರಿದ್ದರೇನು, ಪೋರ್ಟ್ ನಾಲ್ಕೇ!

ಆಫೀಸಿಗೆ ವಾಯ್ಸ್‌ಮೇಲ್ (ಫೋನ್ ಎತ್ತದಿದ್ದಾಗ ಸಂದೇಶ ಹಿಡಿದಿಡೋ ವ್ಯವಸ್ಥೆ) ಮಾರುವವರು ಕೊಟೇಶನ್‌ನಲ್ಲಿ ‘100 ಮೇಲ್‌ಬಾಕ್ಸ್’ (ಒಬ್ಬೊಬ್ಬರಿಗೊಂದು ಸಂದೇಶದ ಪೆಟ್ಟಿಗೆ) ಅಂತ ದಪ್ಪಕ್ಷರದಲ್ಲಿ ಹಾಕಿ, ‘4 ಪೋರ್ಟ್’ ಅನ್ನೋದನ್ನ ಮೂಲೆಯಲ್ಲಿ ಬರೆಯೋದು ಯಾಕೆ? ಒಂದು ಪೋರ್ಟ್ ಅಂದ್ರೆ ಏಕಕಾಲಕ್ಕೆ ಒಂದೇ ಕರೆ. ಸಂದೇಶ ಬಿಡುವವರು, ಕೇಳುವವರು, ‘ಸೇಲ್ಸ್‌ಗೆ 1 ಒತ್ತಿ’ ಅನ್ನೋ ಆಟೋ ಅಟೆಂಡೆಂಟ್, ಎಲ್ಲರಿಗೂ ಅದೇ ನಾಲ್ಕು. ಎಷ್ಟೋ ಸಿಸ್ಟಮ್‌ಗಳಲ್ಲಿ ಹೊಸ ಸಂದೇಶ ಬಂದಿದೆ ಅನ್ನೋ ಫೋನಿನ ಕೆಂಪು ದೀಪ ಹೊತ್ತಿಸೋಕೂ ಒಂದು ಪೋರ್ಟ್ ಡಯಲ್ ಮಾಡಬೇಕು. ಬೆಳಿಗ್ಗೆ ಒಂಬತ್ತೂವರೆಗೆ ನಾಲ್ಕು ಜನ ಸಂದೇಶ ಕೇಳ್ತಾ ಕೂತರೆ ಗ್ರಾಹಕನಿಗೆ ಎಂಗೇಜ್ ಟೋನ್, ಇಲ್ಲವೇ ಎತ್ತದ ರಿಂಗು. ದೀಪವೂ ತಡ.

ಎಷ್ಟು ಕರೆಗೆ ಎಷ್ಟು ಲೈನ್ ಬೇಕು ಅಂತ ಹೇಳೋ ಎರ್ಲಾಂಗ್ ಬಿ ಲೆಕ್ಕ ನೋಡಿ: ನೂರರಲ್ಲಿ ಒಂದು ಕರೆ ಮಾತ್ರ ತಪ್ಪಬಹುದು ಅಂದ್ರೆ, 4 ಪೋರ್ಟ್ ತಡೆಯೋದು ಗಂಟೆಗೆ ಸುಮಾರು 52 ನಿಮಿಷದ ಮಾತು, 8 ಪೋರ್ಟ್ ಸುಮಾರು 188. ದುಪ್ಪಟ್ಟಲ್ಲ, ಮೂರೂವರೆ ಪಟ್ಟು! ಇದನ್ನ ಯಾರೂ ಹೇಳಲ್ಲ. ದೂರು ಕೊಟ್ರೆ ಬಂದು ರೀಬೂಟ್ ಮಾಡಿ ಹೋಗ್ತಾರೆ. ರೀಬೂಟ್‌ನಿಂದ ಪೋರ್ಟ್ ಹುಟ್ಟುತ್ತಾ?

‘ಆಲ್ ಪೋರ್ಟ್ಸ್ ಬಿಜಿ’ ವರದಿಯನ್ನ ಗಂಟೆವಾರು ತೆಗೆಸಿ. ಹೆಚ್ಚುವರಿ ಪೋರ್ಟ್‌ನ ಲೈಸೆನ್ಸ್ ಬರೋವರೆಗೆ ಹಂಟ್ ಗ್ರೂಪ್‌ನ (ಖಾಲಿ ಪೋರ್ಟ್ ಹುಡುಕಿ ಕರೆ ಕೊಡೋ ಗುಂಪು) ಓವರ್‌ಫ್ಲೋ, ಅಂದ್ರೆ ಜಾಗ ಸಿಗದ ಕರೆಗಳನ್ನ, ರಿಸೆಪ್ಶನ್‌ಗೆ ತಿರುಗಿಸಿ, ದೀಪದ ಕೆಲಸಕ್ಕೆ ಕೊನೆಯ ಪೋರ್ಟ್ ಮಾತ್ರ ಬಿಡಿ.